ಉಳ್ಳಾಗಡ್ಡಿಯ ಬೇರು ಮತ್ತು ಬಿ.ಎಸ್ಸಿ. ಮೊದಲ ವರ್ಷ

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದುಕೊಂಡಿರುವ ದಿನಗಳಲ್ಲಿ ಹಾವೇರಿ, ಗದಗ, ನವಲಗುಂದ, ಕಲಘಟಗಿ ಕಡೆಯ ಹಳ್ಳಿಗಳ ಮಕ್ಕಳು ಹೊಸ ಏಪ್ರನ್ ತೊಟ್ಟು, ರೆಕಾರ್ಡ್ ಪುಸ್ತಕವನ್ನು ಎದೆಗವಚಿಕೊಂಡು ನಮ್ಮ ಪ್ರಯೋಗಾಲಯದ ಬಾಗಿಲಲ್ಲಿ ನಿಲ್ಲುವುದನ್ನು ಪ್ರತಿವರ್ಷ ನೋಡುತ್ತೇನೆ. ನಾನೂ ಬ್ಯಾಡಗಿ ಸೀಮೆಯ ಹಳ್ಳಿಯೊಂದರಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರಗಳನ್ನು ಆಯ್ದುಕೊಂಡು ಇದೇ ಊರಿಗೆ ಬಂದವಳು. ಈಗ ಇಲ್ಲಿಯೇ ಸಸ್ಯಶಾಸ್ತ್ರ ಕಲಿಸುತ್ತೇನೆ. ಮೊದಲ ತಿಂಗಳಲ್ಲೇ ಆ ಮಕ್ಕಳಿಗೆ ಹೇಳಬೇಕೆಂದುಕೊಂಡು, ಪಾಠದ ಗಡಿಬಿಡಿಯಲ್ಲಿ ಅರ್ಧಕ್ಕೇ ನಿಂತುಹೋಗುವ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರಲ್ಲಿ ಹಲವರು ವೈದ್ಯಕೀಯ ಸೀಟು ಸಿಗಲಿಲ್ಲವೆಂಬ ನೋವನ್ನು ಹೊತ್ತುಕೊಂಡೇ ಬರುತ್ತಾರೆಂಬುದು ನನಗೆ ಗೊತ್ತು. ಆ ನೋವು ಸುಳ್ಳಲ್ಲ, ಅದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಆದರೆ ಪ್ರವೇಶ ಪರೀಕ್ಷೆಗಾಗಿ ಎರಡು ವರ್ಷ ಮಾಡಿದ ಓದು ಒಂದು ಅಭ್ಯಾಸವನ್ನು ಅಂಟಿಸಿ ಹೋಗಿರುತ್ತದೆ: ಪ್ರಶ್ನೆ ಕಂಡ ಕೂಡಲೇ ಉತ್ತರವನ್ನು ನೆನಪಿನಿಂದ ಹೆಕ್ಕಿ ತೆಗೆಯುವ ಅಭ್ಯಾಸ. ಪದವಿಯ ಜೀವವಿಜ್ಞಾನದಲ್ಲಿ ಮೊದಲು ಬಿಡಬೇಕಾದದ್ದು ಅದನ್ನೇ ಎಂದು ನಾನು ನಂಬಿದ್ದೇನೆ, ಮತ್ತು ಆ ನಂಬಿಕೆ ನನಗೆ ಬಂದದ್ದು ಒಂದು ಉಳ್ಳಾಗಡ್ಡಿಯಿಂದ.

ಕೋಶವಿಭಜನೆಯ ಪ್ರಯೋಗಕ್ಕೆ ಉಳ್ಳಾಗಡ್ಡಿಯ ಬೇರಿನ ತುದಿಯನ್ನು ಬಳಸುವುದು ಎಲ್ಲ ಕಡೆಯೂ ರೂಢಿ. ಗಡ್ಡೆಯ ಬುಡದ ಒಣ ಬೇರುಗಳನ್ನು ಕೆರೆದು, ಬುಡವಷ್ಟೇ ನೀರಿಗೆ ತಾಗುವಂತೆ ಬಾಟಲಿಯ ಬಾಯಿಯ ಮೇಲೆ ಕೂರಿಸಿದರೆ ಎರಡು ಮೂರು ದಿನಗಳಲ್ಲಿ ಬಿಳಿಯ ಹೊಸ ಬೇರುಗಳು ಇಳಿಯುತ್ತವೆ. ಬೆಳಿಗ್ಗೆ ಅವುಗಳ ತುದಿಗಳನ್ನು ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲ ಮತ್ತು ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರಾವಣದಲ್ಲಿ ಹಾಕಿಡುತ್ತೇವೆ. ಆಮೇಲೆ ಬೆಚ್ಚಗಿನ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ನಿಮಿಷ ಇಟ್ಟರೆ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಸಡಿಲವಾಗುತ್ತದೆ. ಬಳಿಕ ಅಸಿಟೋಕಾರ್ಮೈನ್ ಬಣ್ಣ ಹಾಕಿ, ತುದಿಯ ಒಂದೆರಡು ಮಿಲಿಮೀಟರ್ ಭಾಗವನ್ನು ಮಾತ್ರ ಉಳಿಸಿಕೊಂಡು, ಕವರ್ ಸ್ಲಿಪ್ ಮುಚ್ಚಿ, ಮೇಲೆ ಬ್ಲಾಟಿಂಗ್ ಕಾಗದವಿಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಒತ್ತುವಾಗ ಬೆರಳು ಕೊಂಚ ಜಾರಿದರೂ ಕೋಶಗಳು ಸುರುಳಿ ಸುತ್ತಿಕೊಂಡು ಕೆಲಸವೆಲ್ಲ ಕೆಡುತ್ತದೆ.

ಅಂದು ನಾನು ಇದನ್ನೆಲ್ಲ ಮಾಡಿ, ಮಸೂರದಲ್ಲಿ ಅರೆಕ್ಷಣ ಇಣುಕಿ, ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಕೋಶವಿಭಜನೆಯ ಮೆಟಾಫೇಸ್ ಎಂಬ ಹಂತದ ಚಿತ್ರವನ್ನು ಅಂದವಾಗಿ ಬರೆದಿದ್ದೆ: ನಡುಗೆರೆಯ ಮೇಲೆ ಸಾಲಾಗಿ ನಿಂತ ನಾಲ್ಕು ವರ್ಣತಂತುಗಳು, ಅಂದರೆ ಆನುವಂಶಿಕ ಗುಣಗಳನ್ನು ಹೊತ್ತ ಎಳೆಗಳು. ನಮ್ಮ ಗುರುಗಳು ಚಿತ್ರ ನೋಡಿ, "ಎಷ್ಟು ಕಂಡ್ವು?" ಎಂದರು. ನಾಲ್ಕು ಎಂದೆ. "ಇನ್ನೊಮ್ಮೆ ನೋಡಿ ಬಾ, ಪುಸ್ತಕ ಇಲ್ಲೇ ಇಟ್ಟು ಹೋಗು" ಎಂದರು, ಅಷ್ಟೇ. ಮತ್ತೆ ಹೋಗಿ ಕುಳಿತು ನೋಡಿದರೆ ಅಲ್ಲಿ ಇದ್ದದ್ದು ಒಂದರ ಮೇಲೊಂದು ಬಿದ್ದ, ಸೇವಿಗೆಯ ತುಂಡುಗಳಂಥ ಕಡುಗೆಂಪು ಎಳೆಗಳ ಗುಂಪು. ಹದಿಮೂರರವರೆಗೆ ಎಣಿಸಿದೆ, ಉಳಿದವು ಒಂದಕ್ಕೊಂದು ಹೆಣೆದುಕೊಂಡು ಬೇರ್ಪಡಲಿಲ್ಲ. ಉಳ್ಳಾಗಡ್ಡಿಯ ಕೋಶದಲ್ಲಿರುವ ವರ್ಣತಂತುಗಳು ಹದಿನಾರು. ಪುಸ್ತಕದವರು ತಿಳಿಯಲೆಂದು ನಾಲ್ಕನ್ನೇ ಬಿಡಿಸಿರುತ್ತಾರೆ. ಸ್ಪಷ್ಟವಾಗಿ ಕಂಡ ಹದಿಮೂರನ್ನು ಬಿಡಿಬಿಡಿಯಾಗಿ, ಉಳಿದದ್ದನ್ನು ಕಂಡ ಹಾಗೆಯೇ ಗೋಜಲಾಗಿ ಬರೆದು ತೋರಿಸಿದಾಗ ಅವರು ಸಹಿ ಹಾಕಿದರು. ಆ ಚಿತ್ರ ಮೊದಲಿನದಕ್ಕಿಂತ ಅಂದಗೆಟ್ಟಿತ್ತು. ಆದರೆ ನನ್ನ ರೆಕಾರ್ಡಿನಲ್ಲಿ ನಾನೇ ಕಂಡು ಬರೆದ ಮೊದಲ ಪುಟ ಅದು, ಮತ್ತು ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಆದ್ದರಿಂದ ಮೊದಲ ವಾರಗಳಲ್ಲಿ ಸೂಕ್ಷ್ಮದರ್ಶಕದ ಮುಂದೆ ಸಂಕೋಚವಿಲ್ಲದೆ ಹೆಚ್ಚು ಹೊತ್ತು ಕುಳಿತುಕೊಳ್ಳಿರಿ. ಹತ್ತು ಪಟ್ಟಿನ ವಸ್ತುಮಸೂರದಲ್ಲಿ ಮೊದಲು ಹುಡುಕಿ, ಬೇಕಾದ ಜಾಗವನ್ನು ನಟ್ಟನಡುವೆ ತಂದುಕೊಂಡು, ಆಮೇಲೆಯೇ ದೊಡ್ಡ ಮಸೂರಕ್ಕೆ ತಿರುಗಿಸಿರಿ. ದೊಡ್ಡ ಮಸೂರದಲ್ಲಿ ಸಣ್ಣ ತಿರುಪನ್ನು ಬಿಟ್ಟು ಬೇರೆಯದನ್ನು ಮುಟ್ಟಬೇಡಿರಿ, ಮುಟ್ಟಿದರೆ ಸ್ಲೈಡ್ ಒಡೆಯುತ್ತದೆ. ಬಿಂಬ ತಲೆಕೆಳಗಾಗಿ ಕಾಣುವುದರಿಂದ ಸ್ಲೈಡನ್ನು ಎಡಕ್ಕೆ ಸರಿಸಿದರೆ ಚಿತ್ರ ಬಲಕ್ಕೆ ಓಡುತ್ತದೆ. ಮೂರು ದಿನ ಗೊಂದಲವಾಗುತ್ತದೆ, ನಾಲ್ಕನೆಯ ದಿನ ಕೈ ತಾನೇ ಕಲಿತಿರುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರನ್ನು ಹೆಚ್ಚು ಕಾಡುವುದು ಪದಗಳು. ಇಂಗ್ಲಿಷ್ ಪಠ್ಯವನ್ನು ತೆರೆದರೆ ಪ್ರತಿ ಸಾಲಿನಲ್ಲೂ ಗೊತ್ತಿಲ್ಲದ ಶಬ್ದ. ಅದನ್ನು ಉರು ಹೊಡೆಯುವುದೊಂದೇ ದಾರಿ ಎಂದು ನಾನೂ ಒಂದು ಸೆಮಿಸ್ಟರ್ ಪೂರ್ತಿ ತಿಳಿದಿದ್ದೆ. ಆದರೆ ಆ ಶಬ್ದಗಳು ಇಂಗ್ಲಿಷರಿಗೂ ಹೊರಗಿನವೇ, ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್ ಮೂಲದವು. ಕ್ಲೋರೋಫಿಲ್ ಎಂಬುದನ್ನು ಬಿಡಿಸಿದರೆ ಹಸಿರು ಮತ್ತು ಎಲೆ ಎಂಬ ಎರಡು ಗ್ರೀಕ್ ಪದಗಳು ಸಿಗುತ್ತವೆ. ನಾವು ಏಳನೆಯ ತರಗತಿಯಲ್ಲೇ ಕಲಿತ ಪತ್ರಹರಿತ್ತು ಎಂಬ ಪದದಲ್ಲಿಯೂ ಇರುವುದು ಎಲೆ ಮತ್ತು ಹಸಿರೇ. 1888ರಲ್ಲಿ ಜರ್ಮನಿಯ ವಾಲ್ಡೆಯರ್ ಕೊಟ್ಟ ಕ್ರೋಮೋಸೋಮ್ ಎಂಬ ಹೆಸರಿನ ಅರ್ಥ ಬಣ್ಣದ ಕಾಯ. ಬಣ್ಣವನ್ನು ಚೆನ್ನಾಗಿ ಹೀರಿಕೊಂಡು ಕಾಣಿಸಿಕೊಳ್ಳುವುದರಿಂದ ಆ ಹೆಸರು. ನಮ್ಮ ವರ್ಣತಂತು ಎಂಬ ಪದ ಬಣ್ಣದ ಜೊತೆಗೆ ಎಳೆಯ ಆಕಾರವನ್ನೂ ಹೇಳುತ್ತದೆ. ನನ್ನ ಮಟ್ಟಿಗೆ ಇದು ಮೂಲಕ್ಕಿಂತ ಚೆಂದದ ಪದ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಹೀಗೆ ಒಡೆದ ಪದಗಳನ್ನು ಬರೆದುಕೊಳ್ಳುತ್ತಾ ಹೋದರೆ, ಕನ್ನಡದಲ್ಲಿ ಕಲಿತದ್ದು ಅಡ್ಡಿಯಾಗುವ ಬದಲು ಕೈಹಿಡಿದು ನಡೆಸುತ್ತದೆ.

ವರ್ಗೀಕರಣದ ಪಾಠವನ್ನೂ ಮಕ್ಕಳು ಬೇಸರದ ಪಟ್ಟಿ ಎಂದುಕೊಳ್ಳುತ್ತಾರೆ. ಅದು ಹಾಗಲ್ಲವೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ನೀವು ದಿನಾ ಹತ್ತಿ ಬರುವ ಬಸ್ಸಿನ ಹೆಸರು ಚಿಗರಿ. ನಮ್ಮ ಸೀಮೆಯಲ್ಲಿ ಚಿಗರಿ ಎಂದರೆ ಕೃಷ್ಣಮೃಗ. ರಾಣೇಬೆನ್ನೂರಿನ ಅಭಯಾರಣ್ಯ ಇರುವುದೇ ಅದಕ್ಕಾಗಿ. ಬಹಳ ಜನ ಅದನ್ನು ಜಿಂಕೆ ಎಂದೂ ಕರೆಯುತ್ತಾರೆ, ಚುಕ್ಕೆ ಇರುವ ಸಾರಂಗಕ್ಕೂ ಅದೇ ಹೆಸರು. ಆದರೆ ಚುಕ್ಕೆ ಸಾರಂಗದ ಕೊಂಬು ಕವಲೊಡೆದ ಎಲುಬು, ಅದು ಉದುರಿ ಮತ್ತೆ ಮೂಡುತ್ತದೆ. ಚಿಗರಿಯ ಕೊಂಬು ಕವಲಿಲ್ಲದ ತಿರುಚು, ಒಳಗೆ ಎಲುಬು, ಹೊರಗೆ ನಮ್ಮ ಉಗುರಿನಲ್ಲಿರುವಂಥ ಕೆರಾಟಿನ್ ಹೊದಿಕೆ, ಅದು ಜೀವನಪೂರ್ತಿ ಉದುರುವುದಿಲ್ಲ. ಹಾಗಾಗಿ ಚಿಗರಿ ಸೇರುವುದು ಆಕಳು, ಆಡು, ಕುರಿಗಳ ಕುಟುಂಬಕ್ಕೆ. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಅದಕ್ಕಿಟ್ಟ ಹೆಸರಿನಿಂದ ಬಂದದ್ದೇ ಇಂದಿನ ಆಂಟಿಲೋಪ್ ಸರ್ವಿಕಾಪ್ರಾ. ಅದರ ಎರಡನೆಯ ಪದದಲ್ಲಿ ಸಾರಂಗವೂ ಇದೆ, ಆಡೂ ಇದೆ. ಜನರ ಹೆಸರು ಊರಿಂದ ಊರಿಗೆ ಬದಲಾಗುವಾಗ ಎರಡು ಪದಗಳ ಒಂದು ಹೆಸರು ಏಕೆ ಬೇಕಾಯಿತೆಂಬುದು ಇಷ್ಟರಿಂದಲೇ ತಿಳಿಯುತ್ತದೆ. ಕೈಬರಹದಲ್ಲಿ ಆ ಎರಡೂ ಪದಗಳ ಕೆಳಗೆ ಬೇರೆಬೇರೆಯಾಗಿ ಗೆರೆ ಎಳೆಯುವುದನ್ನು ಮರೆಯಬೇಡಿರಿ.

ಹೊಲದಲ್ಲಿ ದುಡಿದು ಬಂದ ಮಕ್ಕಳಿಗೆ ತಮಗೆ ಎಷ್ಟು ಗೊತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ಹಾವೇರಿ ಜಿಲ್ಲೆಯಲ್ಲಿ ಹತ್ತಿಯ ಬೀಜೋತ್ಪಾದನೆಯ ಹೊಲಗಳಿಗೆ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಒಂದು ತಳಿಯ ಪರಾಗವನ್ನು ಇನ್ನೊಂದರ ಹೂವಿಗೆ ಕೈಯಿಂದ ಸವರುವ ಕೆಲಸಕ್ಕೆ, ಹೋಗುವ ಹೆಣ್ಣುಮಕ್ಕಳು ಬಹಳ. ನನ್ನ ತಾಯಿಯೂ ಹೋಗುತ್ತಿದ್ದರು. ಮರುದಿನ ಅರಳಲಿರುವ ಮೊಗ್ಗನ್ನು ಸಂಜೆಯೇ ಹಿಡಿದು, ಬುಡದಲ್ಲಿ ಹೆಬ್ಬೆರಳಿನ ಉಗುರಿನಿಂದ ಸುತ್ತ ಗೀರಿ ಎಳೆದರೆ ದಳಗಳ ಸಮೇತ ಪರಾಗ ಹೊತ್ತ ಕೇಸರಗಳೆಲ್ಲ ಒಂದೇ ಟೋಪಿಯಂತೆ ಕಳಚಿಬರುತ್ತವೆ, ಹೆಣ್ಣು ಭಾಗದ ದಂಟಾದ ಶಲಾಕೆ ಮಾತ್ರ ನಿಂತಿರುತ್ತದೆ. ಮರುದಿನ ಬೆಳಿಗ್ಗೆ ಗಂಡು ತಳಿಯ ಗಿಡದ ಹೂವಿನ ಪರಾಗವನ್ನು ಅದಕ್ಕೆ ಸವರುತ್ತಾರೆ. ಮೊದಲ ವರ್ಷದ ಪ್ರಯೋಗದಲ್ಲಿ ದಾಸವಾಳವನ್ನು ಉದ್ದಕ್ಕೆ ಸೀಳಿದಾಗ, ಕೇಸರಗಳ ದಂಟುಗಳೆಲ್ಲ ಕೂಡಿ ಶಲಾಕೆಯ ಸುತ್ತ ಕೊಳವೆಯಾಗಿರುವುದನ್ನು ಕಂಡೆ. ಹತ್ತಿಯೂ ದಾಸವಾಳವೂ ಬೆಂಡೆಯೂ ಮಾಲ್ವೇಸಿ ಎಂಬ ಒಂದೇ ಕುಟುಂಬದವು. ಅಮ್ಮನ ಉಗುರಿಗೆ ಎಲ್ಲ ಕೇಸರಗಳೂ ಒಟ್ಟಿಗೆ ಏಕೆ ಬರುತ್ತಿದ್ದವೆಂಬುದು ಆ ಕ್ಷಣ ನನಗೆ ಹೊಳೆಯಿತು, ಕಣ್ಣು ತುಂಬಿ ಬಂತು. ಧಾರವಾಡದಲ್ಲಿಯೇ ಡಾ. ಬಿ. ಎಚ್. ಕಟರಕಿಯವರು ಎರಡು ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ 1972ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಕೊಟ್ಟರು. ಆ ಎರಡೂ ಪ್ರಭೇದಗಳಲ್ಲಿ ವರ್ಣತಂತುಗಳು ಐವತ್ತೆರಡೇ ಇದ್ದು, ಒಂದರವು ಇನ್ನೊಂದರವುಗಳ ಜೊತೆ ಜೋಡಿಯಾಗಬಲ್ಲವಾದ್ದರಿಂದ ಅವುಗಳ ಸಂತಾನ ಬಂಜೆಯಾಗಲಿಲ್ಲ. ಉಳ್ಳಾಗಡ್ಡಿಯಲ್ಲಿ ಎಣಿಸಲು ಕಲಿತದ್ದು ಇಲ್ಲಿಗೆ ಬಂದು ಮುಟ್ಟುತ್ತದೆ.

ಪರೀಕ್ಷೆಯ ಬಗ್ಗೆ ಹೇಳುವುದು ಕಡಿಮೆ. ಅಂದಿನ ಪಾಠವನ್ನು ಅಂದೇ ರಾತ್ರಿ ಪುಸ್ತಕ ಮುಚ್ಚಿ ನಿಮ್ಮ ಮಾತಿನಲ್ಲಿ ಅರ್ಧ ಪುಟ ಬರೆಯಿರಿ, ತಪ್ಪಿದ್ದನ್ನು ಪುಸ್ತಕ ತೆರೆದು ತಿದ್ದಿರಿ. ರೆಕಾರ್ಡನ್ನು ಕೊನೆಯ ವಾರಕ್ಕೆ ಉಳಿಸಬೇಡಿರಿ.

ಹೋದ ವಾರ ನಮ್ಮ ಪ್ರಯೋಗಾಲಯದಲ್ಲಿ ಈ ವರ್ಷದ ಉಳ್ಳಾಗಡ್ಡಿ ಪ್ರಯೋಗ ನಡೆಯಿತು. ಶಿರಹಟ್ಟಿ ಕಡೆಯ ಹುಡುಗಿಯೊಬ್ಬಳು ಬಹಳ ಹೊತ್ತು ಕುಳಿತು, ಕೊನೆಗೆ ಅಳುಕುತ್ತಲೇ ಪುಟ ತಂದು ತೋರಿಸಿದಳು. ಹತ್ತೊಂಬತ್ತು ಕೋಶಗಳನ್ನು ಬರೆದಿದ್ದಳು. ಹದಿನೇಳರಲ್ಲಿ ದುಂಡನೆಯ ಕೋಶಕೇಂದ್ರ ಬಿಟ್ಟರೆ ಬೇರೇನೂ ಇರಲಿಲ್ಲ, ಎರಡು ಮಾತ್ರ ವಿಭಜನೆಯಲ್ಲಿದ್ದವು. "ಪುಸ್ತಕದಾಗ ಎಲ್ಲಾ ಹಂತ ಅದಾವ್ರೀ ಮೇಡಂ, ನನಗ ಇಷ್ಟ ಕಂಡ್ವು" ಎಂದಳು. ಬೇರಿನ ತುದಿಯಲ್ಲಿಯೂ ಹೆಚ್ಚಿನ ಕೋಶಗಳು ಯಾವಾಗಲೂ ವಿಭಜನೆಗೆ ಮೊದಲಿನ ಸಿದ್ಧತೆಯ ಹಂತದಲ್ಲೇ ಇರುತ್ತವೆ, ಇಂಟರ್‌ಫೇಸ್ ಎಂದರೆ ಅದೇ ಎಂದು ಅವಳಿಗೆ ವಿವರಿಸಿ, ಆ ಪುಟದ ಕೆಳಗೆ ಸಹಿ ಹಾಕಿಕೊಟ್ಟೆ.