ತಪ್ಪಚ್ಚಾದ ಬೇಸ್‌ಬಾಲ್ ಕಾರ್ಡುಗಳ ಆಲ್ಬಂ: ಕೆಲಸ ಎಲ್ಲಿಗೆ ಬಂತು

ಆಟಗಾರನ ಚಿತ್ರ ಮುಂದೆ, ಅಂಕಿಅಂಶ ಹಿಂದೆ ಅಚ್ಚು ಹಾಕಿ ಅಮೆರಿಕದ ಕಂಪನಿಗಳು ಮಾರುವ ಬೇಸ್‌ಬಾಲ್ ಕಾರ್ಡುಗಳಲ್ಲಿ ತಪ್ಪಾಗಿ ಅಚ್ಚಾದವನ್ನು ನಾನು ಕೂಡಿಡುತ್ತಿದ್ದೇನೆ. ಆ ಆಲ್ಬಮ್ಮಿನ ಕ್ರಮ ಕೊನೆಗೂ ಗಟ್ಟಿಯಾಗಿ ನಿಂತಿದೆ. ಆಟಗಾರರ ಹೆಸರಿನ ಪ್ರಕಾರ ಜೋಡಿಸಿಲ್ಲ, ವರ್ಷದ ಪ್ರಕಾರವೂ ಅಲ್ಲ, ಬೆಲೆಯ ಪ್ರಕಾರವಂತೂ ಅಲ್ಲವೇ ಅಲ್ಲ. ಕಾರ್ಡು ತಯಾರಾಗುವ ದಾರಿಯಲ್ಲಿ ತಪ್ಪು ಯಾರ ಮೇಜಿನ ಮೇಲೆ ನುಸುಳಿತು ಎನ್ನುವುದೇ ನನ್ನ ಕ್ರಮ. ಮೊದಲು ಕ್ಯಾಮೆರಾ, ಆಮೇಲೆ ಫೋಟೊ ಆರಿಸುವವರ ಮೇಜು, ನಂತರ ಫಿಲ್ಮು, ಕರಡು ತಿದ್ದುವವರು, ಮುದ್ರಣ ಯಂತ್ರ, ಕಡೆಗೆ ಕಟಿಂಗ್. ಅಮೆರಿಕಕ್ಕೆ ಬರುವ ಮೊದಲು ಬೆಂಗಳೂರಿನ ಆಫ್‌ಸೆಟ್ ಪ್ರೆಸ್ಸಿನಲ್ಲಿ ದುಡಿದವನು ನಾನು. ಹಾಗಾಗಿ ಕಾರ್ಡು ಕೈಗೆ ಬಂದರೆ ಆಟಗಾರನ ಮುಖಕ್ಕಿಂತ ಮೊದಲು ಶಾಯಿ, ರಿಜಿಸ್ಟರ್ (ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದು), ಅಂಚು ಇವೇ ಕಣ್ಣಿಗೆ ಬೀಳುತ್ತವೆ.

ಇನ್ನೂ ಒಂದು ನಿರ್ಧಾರ ಮಾಡಿದ್ದೇನೆ. ಇಲ್ಲಿನ ಸಂಗ್ರಾಹಕರ ಲೆಕ್ಕದಲ್ಲಿ ತಪ್ಪು ಎರಡು ಬಗೆ: ಕಂಪನಿಯೇ ಕಂಡುಹಿಡಿದು ತಿದ್ದಿ ಮತ್ತೆ ಅಚ್ಚು ಹಾಕಿದ್ದು, ಹಾಗೇ ಬಿಟ್ಟದ್ದು. ತಿದ್ದಿದ್ದಕ್ಕೆ ಬೆಲೆ ಹೆಚ್ಚು, ಯಾಕೆಂದರೆ ಒಂದೇ ಕಾರ್ಡಿಗೆ ಎರಡು ರೂಪ ಹುಟ್ಟಿ, ಅದರಲ್ಲೊಂದು ವಿರಳವಾಗುತ್ತದೆ. ಹಾಗೇ ಉಳಿದ ತಪ್ಪಿಗೆ ಯಾರೂ ಕಾಸು ಹೆಚ್ಚು ಕೊಡುವುದಿಲ್ಲ, ಎಲ್ಲರ ಹತ್ತಿರವೂ ಅದೇ ತಪ್ಪು ಇರುತ್ತದೆ. ನನ್ನ ಆಲ್ಬಮ್ಮಿನಲ್ಲಿ ಎರಡಕ್ಕೂ ಸಮಾನ ಜಾಗ. ನಿಜ ಹೇಳಬೇಕೆಂದರೆ ಯಾರೂ ತಿದ್ದದೆ ಬಿಟ್ಟವುಗಳ ಮೇಲೆಯೇ ನನಗೆ ಪ್ರೀತಿ ಜಾಸ್ತಿ.

ಕ್ಯಾಮೆರಾ ಪುಟ: ಮುಗಿಯಿತು

ಇದು ಬೇಗ ತುಂಬಿತು. ಮೊದಲ ಜಾಗ ಟಾಪ್ಸ್ ಎಂಬ ಕಂಪನಿಯ 1959ರ ಕಾರ್ಡು, ಸಂಖ್ಯೆ 440, ಮಿಲ್ವಾಕಿ ಬ್ರೇವ್ಸ್ ತಂಡದ ಲ್ಯೂ ಬರ್ಡೆಟ್ ಅವರದು. ಇವರು ಬಲಗೈ ಪಿಚರ್, ಅಂದರೆ ಬ್ಯಾಟರಿಗೆ ಚೆಂಡು ಎಸೆಯುವವರು. 1957ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ವರ್ಷದ ಅಂತಿಮ ಸರಣಿಯಲ್ಲಿ, ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಮೂರು ಪಂದ್ಯ ಗೆದ್ದುಕೊಟ್ಟವರು. ಫೋಟೊದವನು ಬಂದಾಗ ಗ್ಲೌಸನ್ನು ಬಲಗೈಗೆ ತೊಟ್ಟು ಎಡಗೈಯಲ್ಲಿ ಎಸೆಯುವ ಭಂಗಿಯಲ್ಲಿ ನಿಂತುಬಿಟ್ಟರು. ಫೋಟೊದವನಿಗೂ ಗೊತ್ತಾಗಲಿಲ್ಲ, ಕಂಪನಿಗೂ ಗೊತ್ತಾಗಲಿಲ್ಲ. ಅದು ಸಾಲದೆಂಬಂತೆ ಹೆಸರಿನಲ್ಲಿ 'ಲ್ಯೂ' ಹೋಗಿ 'ಲೂ' ಆಗಿದೆ. ಎರಡು ಮೇಜಿನ ತಪ್ಪು ಒಂದೇ ಕಾರ್ಡಿನಲ್ಲಿರುವುದು ಅಪರೂಪ. ಎಲ್ಲಿಡಬೇಕೆಂದು ಯೋಚಿಸಿ, ಮೊದಲು ನಡೆದ ತಪ್ಪಿಗೆ ಮೊದಲ ಹಕ್ಕು ಎಂದುಕೊಂಡು ಕ್ಯಾಮೆರಾ ಪುಟದಲ್ಲೇ ಇಟ್ಟೆ.

ಅದರ ಪಕ್ಕದಲ್ಲಿ ಕ್ಯಾಲಿಫೋರ್ನಿಯಾ ಏಂಜಲ್ಸ್ ತಂಡದ ಎರಡು ಕಾರ್ಡು. 1969ರ ಟಾಪ್ಸ್‌ನಲ್ಲಿ ಸಂಖ್ಯೆ 653, ಅರೇಲಿಯೊ ರೊಡ್ರಿಗೆಜ್. ಹೆಸರು ಅವರದೇ, ಅಂಕಿಅಂಶ ಅವರದೇ, ಚಿತ್ರದಲ್ಲಿರುವುದು ಮಾತ್ರ ತಂಡದ ಬ್ಯಾಟ್‌ಬಾಯ್. ಆಟಗಾರರ ಬ್ಯಾಟು ಎತ್ತಿಡುವ ಹುಡುಗ ಸಮವಸ್ತ್ರ ತೊಟ್ಟು ನಿಂತರೆ ಹೊರಗಿನವರಿಗೆ ಆಟಗಾರನೇ. ಹದಿನಾರು ವರ್ಷದ ನಂತರ, 1985ರಲ್ಲಿ, ಅದೇ ತಂಡದ ಗ್ಯಾರಿ ಪೆಟಿಸ್ ಕಾರ್ಡಿನಲ್ಲಿ ಅವರ ತಮ್ಮನ ಚಿತ್ರ ಅಚ್ಚಾಯಿತು. ಎರಡನ್ನೂ ಟಾಪ್ಸ್ ತಿದ್ದಲಿಲ್ಲ. ಈ ಜೋಡಿ ಕಾರ್ಡ್ ಶೋ ಒಂದರಲ್ಲಿ, ಕಾರ್ಡಿಗೊಂದು ಡಾಲರಿನ ಡಬ್ಬದಲ್ಲಿ ಸಿಕ್ಕಿತು. ಮೂಲೆ ಸವೆದಿವೆ, ನನಗೆ ಅದು ಅಡ್ಡಿಯಿಲ್ಲ.

ಈ ಪುಟದ ಕೊನೆಯ ಸಾಲು ಪೂರ್ತಿ ಬಿಲ್ಲಿ ರಿಪ್ಕೆನ್‌ಗೆ. ಫ್ಲೀರ್ ಎಂಬ ಇನ್ನೊಂದು ಕಂಪನಿಯ 1989ರ ಕಾರ್ಡು, ಸಂಖ್ಯೆ 616. ಬಾಲ್ಟಿಮೋರ್ ಓರಿಯೋಲ್ಸ್‌ನ ಈ ಆಟಗಾರ ಬ್ಯಾಟನ್ನು ಹೆಗಲಿಗಿಟ್ಟು ನಿಂತಿದ್ದಾರೆ, ಬ್ಯಾಟಿನ ಹಿಡಿಯ ತುದಿಯಲ್ಲಿ ಎರಡು ಪದದ ಅಶ್ಲೀಲ ಬೈಗುಳ ಸ್ಪಷ್ಟವಾಗಿ ಓದಲು ಬರುತ್ತದೆ. ಅಭ್ಯಾಸದ ಬ್ಯಾಟು ಬೇರೆಯವುಗಳ ಜೊತೆ ಕಲೆಯದಿರಲಿ ಎಂದು ತಾನೇ ಬರೆದದ್ದೆಂದು ಅವರು 2008ರಲ್ಲಿ ಒಪ್ಪಿಕೊಂಡರು. ಫ್ಲೀರ್ ಮುಚ್ಚಿಹಾಕಲು ಪಟ್ಟ ಪಾಡೇ ನನಗೆ ಮುಖ್ಯ. ಒಮ್ಮೆ ಬಿಳಿ ಬಳಿದರು, ಒಮ್ಮೆ ಕಪ್ಪಿನಲ್ಲಿ ಗೀಚಿದರು, ಒಮ್ಮೆ ಬಿಳಿಯಲ್ಲಿ ಗೀಚಿದರು, ಕೊನೆಗೆ ಕಪ್ಪು ಚೌಕ ಕೂರಿಸಿದರು. ಕಪ್ಪು ಚೌಕದ್ದು ಎಲ್ಲೆಡೆ ಸಿಗುತ್ತದೆ, ಬಿಳಿ ಬಳಿದದ್ದು ಕಷ್ಟ. ಭೂತಗನ್ನಡಿಯಲ್ಲಿ ನೋಡಿದರೆ ಇವು ಬೇರೆ ಬೇರೆ ಪ್ಲೇಟುಗಳು, ಅಂದರೆ ಪ್ರೆಸ್ಸು ಮತ್ತೆ ಮತ್ತೆ ನಿಂತು ಪ್ಲೇಟು ಬದಲಾಗಿದೆ. ಆ ಒತ್ತಡ ಎಂಥದ್ದೆಂದು ಯಂತ್ರದ ಬಳಿ ನಿಂತವರಿಗೆ ಗೊತ್ತು. ನನ್ನ ಹತ್ತಿರ ಮೂಲವೂ ಕಪ್ಪು ಚೌಕವೂ ಕಪ್ಪು ಗೀಚೂ ಇವೆ. ಬಿಳಿಯದಕ್ಕೆ ಜಾಗ ಬಿಟ್ಟಿದ್ದೇನೆ.

ಫೋಟೊ ಆರಿಸುವ ಮೇಜು: ಅರ್ಧ

1963ರ ಟಾಪ್ಸ್‌ನಲ್ಲಿ ಡಾನ್ ಲ್ಯಾಂಡ್ರಮ್ ಕಾರ್ಡಿಗೆ ರಾನ್ ಸ್ಯಾಂಟೊ ಚಿತ್ರ, ಇಬ್ಬರೂ ಶಿಕಾಗೊ ಕಬ್ಸ್. 1988ರ ಟಾಪ್ಸ್‌ನಲ್ಲಿ ಆಲ್ ಲೈಟರ್ ಕಾರ್ಡಿಗೆ ಸ್ಟೀವ್ ಜಾರ್ಜ್ ಚಿತ್ರ. ಇದನ್ನು ಆಮೇಲೆ ತಿದ್ದಿದರು, ಎರಡೂ ರೂಪ ಸುಲಭವಾಗಿ ಸಿಗುತ್ತವೆ. ಸಿಗದಿರುವುದು ಡಾನ್‌ರಸ್ ಕಂಪನಿಯ 1987ರ ಓಪನಿಂಗ್ ಡೇ ಸೆಟ್ಟಿನ ಬ್ಯಾರಿ ಬಾಂಡ್ಸ್. ಅಲ್ಲಿ ಬಾಂಡ್ಸ್ ಹೆಸರಿನಡಿ ಪಿಟ್ಸ್‌ಬರ್ಗ್‌ನ ಸಹ ಆಟಗಾರ ಜಾನಿ ರೇ ಇದ್ದಾರೆ. 272 ಕಾರ್ಡುಗಳ ಈ ಸೆಟ್ಟನ್ನು ಡಬ್ಬಿಯಲ್ಲೇ ಮಾರಿದ್ದರು, ತಪ್ಪು ಬೇಗನೆ ಕಂಡುಬಂದು ತಿದ್ದಿದ್ದರಿಂದ ಮೊದಲ ಡಬ್ಬಿಗಳಲ್ಲಿ ಮಾತ್ರ ಅದಿದೆ. ಒಡೆಯದ ಡಬ್ಬಿ ಕೊಂಡು ಅದೃಷ್ಟ ನೋಡುವವರಿದ್ದಾರೆ. ನಾನು ಆ ದಾರಿ ಹಿಡಿಯುವುದಿಲ್ಲ. ತಿದ್ದಿದ ರೂಪವನ್ನಿಟ್ಟು ಪಕ್ಕದಲ್ಲಿ ಜಾನಿ ರೇ ಅವರ ಸ್ವಂತ ಕಾರ್ಡು ಇಟ್ಟಿದ್ದೇನೆ. ನೋಡಿದವರಿಗೆ ಯಾರು ಯಾರೆಂದು ತಿಳಿದರೆ ಸಾಕು.

ಫಿಲ್ಮು: ಇದರಲ್ಲೇ ಹೆಚ್ಚು ಹೊತ್ತು ಕಳೆದೆ

ಬ್ರೇವ್ಸ್ ತಂಡದ ಬಲಗೈ ಬ್ಯಾಟರ್ ಹ್ಯಾಂಕ್ ಆರನ್ ಅವರ ಕಾರ್ಡುಗಳನ್ನು ಅನುಕ್ರಮವಾಗಿ ಇಟ್ಟು ನೋಡಿದಾಗಲೇ ನನಗೆ ಈ ಯೋಜನೆ ಯಾಕೆ ಬೇಕೆಂದು ಖಚಿತವಾದದ್ದು. 1954, 1955, 1956 ಮೂರೂ ವರ್ಷ ಟಾಪ್ಸ್ ಅದೇ ಮುಖಚಿತ್ರವನ್ನು ಮತ್ತೆ ಮತ್ತೆ ಬಳಸಿತು. 1956ರಲ್ಲಿ ಮುಖದ ಪಕ್ಕ ಹೋಮ್ ಪ್ಲೇಟಿಗೆ ಜಾರಿ ಬರುವ ಆಟಗಾರನ ಚಿತ್ರವೂ ಇದೆ. ಆ ಜಾರುತ್ತಿರುವವರು ಆರನ್ ಅಲ್ಲ, ವಿಲ್ಲಿ ಮೇಸ್. ಮರುವರ್ಷ, 1957ರಲ್ಲಿ, ಟಾಪ್ಸ್ ಹಳೆಯ ಬಣ್ಣ ತುಂಬಿದ ಚಿತ್ರಗಳನ್ನು ಬಿಟ್ಟು ನಿಜವಾದ ಬಣ್ಣದ ಫೋಟೊಗಳಿಗೆ ಬಂತು. ಇವತ್ತಿಗೂ ನಡೆಯುತ್ತಿರುವ ಎರಡೂವರೆಗೆ ಮೂರೂವರೆ ಅಂಗುಲದ ಅಳತೆ ಟಾಪ್ಸ್‌ನಲ್ಲಿ ಶುರುವಾದದ್ದೂ ಆಗಲೇ. ಆ ಹೊಸ ಸೆಟ್ಟಿನ 20ನೇ ಕಾರ್ಡಿನಲ್ಲಿ ಆರನ್ ಎಡಗೈ ಬ್ಯಾಟರ್! ಅಂಗಿಯ 44 ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿದೆ.

ಹೀಗಾಗುವುದು ಬಹಳ ಸುಲಭ. ಪಾರದರ್ಶಕ ಫಿಲ್ಮಿಗೆ ಎರಡು ಮೈ, ಒಂದು ನುಣುಪು, ಒಂದು ರಾಸಾಯನಿಕ ಲೇಪದ್ದು. ಯಾವ ಮೈ ಮೇಲೆ ಬರಬೇಕೆಂದು ಬೆಳಕಿಗೆ ವಾಲಿಸಿ ನೋಡಿ ತೀರ್ಮಾನಿಸಬೇಕು. ಮಗುಚಿ ಇಟ್ಟರೂ ಚಿತ್ರ ಅಷ್ಟೇ ಚೆಂದ, ಮನುಷ್ಯನ ಮುಖ ಎಡಬಲ ಬದಲಾದರೆ ಯಾರಿಗೂ ಅನುಮಾನ ಬರುವುದಿಲ್ಲ. ಅಕ್ಷರವೋ ಅಂಕಿಯೋ ಇದ್ದರೆ ಮಾತ್ರ ಸಿಕ್ಕಿಬೀಳುತ್ತದೆ. ಆರನ್ ಕಾರ್ಡಿನಲ್ಲಿ ಅಂಕಿ ಇತ್ತು, ಆದರೂ ದಾಟಿಹೋಯಿತು. 44ರ ಎರಡೂ ಅಂಕಿ ಒಂದೇ ಆದ್ದರಿಂದ ತಿರುಗಿದರೂ ಅದು ಬೇರೆ ಸಂಖ್ಯೆಯಂತೆ ಕಾಣುವುದಿಲ್ಲ. ಅವಸರದ ಕಣ್ಣಿಗೆ ಅದು ನಲವತ್ತನಾಲ್ಕೇ. 27 ಇದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದು ನನ್ನ ಊಹೆ. ಅದೇ ವರ್ಷ ಬ್ರೇವ್ಸ್ ವರ್ಲ್ಡ್ ಸೀರೀಸ್ ಗೆದ್ದಿತು, ಆರನ್ ನ್ಯಾಷನಲ್ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರರಾದರು. ಕಾರ್ಡು ಮಾತ್ರ ಕೊನೆಯವರೆಗೂ ತಿದ್ದದೆ ಉಳಿಯಿತು. ಅಷ್ಟು ದೊಡ್ಡ ಆಟಗಾರನಿಗೆ ಎರಡು ವರ್ಷ ಸಾಲಾಗಿ ಹೀಗಾದದ್ದು ನೋಡಿದರೆ ನನಗೆ ಬೇಸರವೇ ಆಗುತ್ತದೆ.

ನನ್ನ 1957ರ ಪ್ರತಿ ಮಧ್ಯದಲ್ಲಿ ಮಡಚಿ ಗೆರೆ ಬಿದ್ದದ್ದು, ಅದಕ್ಕೇ ಕೈಗೆಟುಕಿತು. ಇಡೀ ಆಲ್ಬಮ್ಮಿನಲ್ಲಿ ಹೆಚ್ಚು ಹಣ ಹೋಗಿರುವುದು ಇದಕ್ಕೇ. ವಿಷಾದವಿಲ್ಲ.

ಅದೇ ಪುಟದಲ್ಲಿ 1982ರ ಫ್ಲೀರ್‌ನ ಜಾನ್ ಲಿಟಲ್‌ಫೀಲ್ಡ್, ಸ್ಯಾನ್ ಡಿಯಾಗೊ ಪಿಚರ್, ಮಗುಚಿದ ರೂಪದಲ್ಲಿ. 1990ರ ಡಾನ್‌ರಸ್‌ನ ಹುವಾನ್ ಗೊನ್ಜಾಲೆಜ್, ಎರಡೂ ರೂಪ. 1989ರ ಅಪ್ಪರ್ ಡೆಕ್‌ನ ಡೇಲ್ ಮರ್ಫಿ, ಸಂಖ್ಯೆ 357, ಮೂಲ ರೂಪ. ಅಪ್ಪರ್ ಡೆಕ್‌ಗೆ ಅದು ಮೊದಲ ವರ್ಷ. ನಕಲು ತಡೆಯಲು ಹಿಂಭಾಗದಲ್ಲಿ ಹಾಲೊಗ್ರಾಂ ಹಾಕಿ, ಒಳ್ಳೆಯ ಕಾಗದ ಬಳಸಿ, ಉಳಿದವರಿಗಿಂತ ಹೆಚ್ಚು ಬೆಲೆಗೆ ಮಾರಿತು. ಕಾಗದ ಎಷ್ಟೇ ಒಳ್ಳೆಯದಾದರೂ ಫಿಲ್ಮು ಇಡುವುದು ಮನುಷ್ಯನ ಕೈಯೇ. ಮರ್ಫಿ ತಪ್ಪನ್ನು ಅವರು ಬೇಗ ಹಿಡಿದು ತಿದ್ದಿದರು.

ಕರಡು: ತೃಪ್ತಿ ಕೊಟ್ಟ ವಿಭಾಗ

ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ 'ತಪ್ಪು–ಒಪ್ಪು' ಪಟ್ಟಿ ಇರುತ್ತಿತ್ತು. ಕಾರ್ಡಿಗೆ ಆ ಸೌಕರ್ಯವಿಲ್ಲ. ತಿದ್ದಬೇಕೆಂದರೆ ಮತ್ತೆ ಅಚ್ಚು ಹಾಕಲೇಬೇಕು.

ಈ ಬಗೆಯ ತಪ್ಪಿನಲ್ಲಿ ಬಹಳ ಹೆಸರಾದದ್ದು 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟ್ ಪ್ಯಾಕುಗಳಲ್ಲಿ ಹಾಕಿ ಕೊಟ್ಟ, ಈಗ ಟಿ206 ಎಂದು ಕರೆಯುವ ಸೆಟ್ಟಿನದು. ಫಿಲಡೆಲ್ಫಿಯಾದ ಶೆರಿ ಮಗೀ ಹೆಸರಿನ ಅಕ್ಷರಜೋಡಣೆಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಅದನ್ನು ಬೇಗ ತಿದ್ದಿದ್ದರಿಂದ ಮೊದಲಿನದು ಇವತ್ತು ಸಾಮಾನ್ಯರ ಕೈಗೆ ಸಿಗುವಂಥದ್ದಲ್ಲ. ಅದೇ ಸೆಟ್ಟಿನಲ್ಲಿ ಜೋ ಡಾಯ್ಲ್ ಅವರಿಗೆ ನ್ಯೂಯಾರ್ಕಿನ ಇನ್ನೊಂದು ಲೀಗಿನ ತಂಡದ ಹೆಸರು ಬಿದ್ದಿದೆ. ಆ ತಂಡದಲ್ಲಿ ಲ್ಯಾರಿ ಡಾಯ್ಲ್ ಎಂಬ ಬೇರೆ ಆಟಗಾರ ಇದ್ದದ್ದೇ ಗೊಂದಲಕ್ಕೆ ಕಾರಣ. ಇವೆರಡಕ್ಕೂ ಮರುಮುದ್ರಣದ ಪ್ರತಿಗಳನ್ನು ಇಟ್ಟು, ಮರುಮುದ್ರಣ ಎಂದು ಸ್ಪಷ್ಟವಾಗಿ ಚೀಟಿ ಅಂಟಿಸಿದ್ದೇನೆ.

1981 ಬಂದಾಗ ಪುಟ ತುಂಬಿ ತುಳುಕುತ್ತದೆ. ಅದಕ್ಕೆ ಹಿನ್ನೆಲೆಯಿದೆ. ಟಾಪ್ಸ್‌ನ ಏಕಸ್ವಾಮ್ಯದ ವಿರುದ್ಧ ಫ್ಲೀರ್ ಹೂಡಿದ್ದ ದಾವೆಯಲ್ಲಿ 1980ರಲ್ಲಿ ಫ್ಲೀರ್ ಪರ ತೀರ್ಪು ಬಂತು. ಫ್ಲೀರ್ ಮತ್ತು ಡಾನ್‌ರಸ್ ಎರಡೂ 1981ಕ್ಕೆ ಸೆಟ್ಟು ಹೊರಡಿಸಲು ಓಡಿದವು. ಫ್ಲೀರ್ 660 ಕಾರ್ಡು, ಡಾನ್‌ರಸ್ 605. ಅವಸರದ ಗುರುತು ಎಲ್ಲೆಲ್ಲೂ ಇದೆ. ಯಾಂಕೀಸ್‌ನ ಗ್ರೇಗ್ ನೆಟಲ್ಸ್ ಹೆಸರು ಹಿಂಭಾಗದಲ್ಲಿ 'ಕ್ರೇಗ್' ಆಗಿರುವುದು ಅದರಲ್ಲಿ ಪ್ರಸಿದ್ಧ. ಫ್ಲೀರ್ ಆ ಸೆಟ್ಟನ್ನು ಮೂರು ಬಾರಿ ಅಚ್ಚು ಹಾಕುತ್ತಾ ಒಂದಿಷ್ಟು ತಿದ್ದಿತು. ಅದೇ ವರ್ಷ ಮೇಲ್ಮನವಿಯಲ್ಲಿ ತೀರ್ಪು ತಿರುವುಮುರುವಾಗಿ, ಗಮ್ ಜೊತೆ ಕಾರ್ಡು ಮಾರುವ ಹಕ್ಕು ಟಾಪ್ಸ್‌ಗೇ ಉಳಿದದ್ದರಿಂದ ಫ್ಲೀರ್ 1982ಕ್ಕೆ ಕಾರ್ಡಿನ ಜೊತೆ ಚ್ಯೂಯಿಂಗ್ ಗಮ್ ಬಿಟ್ಟು ಸ್ಟಿಕ್ಕರ್ ಹಾಕಬೇಕಾಯಿತು.

ಆ 1982ರ ಫ್ಲೀರ್ ಸೆಟ್ಟಿನ ಆಲ್ ಹ್ರಬಾಸ್ಕಿ ನನ್ನ ಅಚ್ಚುಮೆಚ್ಚು, ಮೂರೂ ರೂಪ ಈ ತಿಂಗಳು ಪೂರ್ತಿಯಾದವು. ಮೊದಲ ರೂಪದ ಹಿಂಭಾಗದಲ್ಲಿ ಅವರ ಹೆಸರಿಗೆ ಒಂದು ಅಕ್ಷರ ಹೆಚ್ಚು ಸೇರಿದೆ, ಎತ್ತರ 5 ಅಡಿ 1 ಅಂಗುಲ ಎಂದಿದೆ. ಎರಡನೆಯದರಲ್ಲಿ ಹೆಸರು ಸರಿಹೋಗಿದೆ, ಎತ್ತರ ಹಾಗೇ ಇದೆ. ಮೂರನೆಯದರಲ್ಲಿ 5 ಅಡಿ 10. ಬಿದ್ದುಹೋಗಿದ್ದ ಸೊನ್ನೆ ವಾಪಸು ಬಂದಿದೆ. ಕರಡು ತಿದ್ದುವವರ ಕಣ್ಣು ಮೊದಲು ಹೆಸರಿಗೆ ಹೋಗಿ, ಅಂಕಿಯನ್ನು ದಾಟಿ, ಇನ್ನೊಂದು ಸುತ್ತಿನಲ್ಲಿ ಮರಳಿ ಬಂದು ಹಿಡಿದದ್ದು ಈ ಮೂರು ಕಾರ್ಡುಗಳನ್ನು ಸಾಲಾಗಿಟ್ಟರೆ ಕಾಣಿಸುತ್ತದೆ. ಲಕ್ಷ ಡಾಲರಿನ ಕಾರ್ಡಿನಲ್ಲೂ ಇಷ್ಟು ಚೆನ್ನಾಗಿ ಕಾಣದ ಸಂಗತಿ ಇದು.

ಇನ್ನೆರಡು ಚಿಕ್ಕವು. 1979ರ ಟಾಪ್ಸ್‌ನ ಬಂಪ್ ವಿಲ್ಸ್, ಟೆಕ್ಸಸ್ ರೇಂಜರ್ಸ್ ಆಟಗಾರನಿಗೆ ಟೊರೊಂಟೊ ಬ್ಲೂ ಜೇಸ್ ಹೆಸರು. ತಿದ್ದಿದ್ದೂ ಇದೆ, ಎರಡೂ ಅಗ್ಗ. 1961ರ ಟಾಪ್ಸ್‌ನಲ್ಲಿ 463 ಎರಡು ಸಲ ಬಂದು 426 ಕಾಣೆಯಾಗಿದೆ. 463 ಬಿದ್ದಿರುವ ಎರಡರಲ್ಲಿ ಬ್ರೇವ್ಸ್ ತಂಡದ ಚಿತ್ರಕ್ಕೆ 426 ಇರಬೇಕಿತ್ತು, ಬಾಲ್ಟಿಮೋರ್‌ನ ಜಾಕ್ ಫಿಶರ್‌ಗೆ 463 ಸರಿಯೇ. ಈ ಫಿಶರ್ ಎಸೆತಕ್ಕೇ 1960ರಲ್ಲಿ ಟೆಡ್ ವಿಲಿಯಮ್ಸ್ ತಮ್ಮ ಕೊನೆಯ ಹೋಮ್ ರನ್ ಹೊಡೆದದ್ದು, 1961ರಲ್ಲಿ ರಾಜರ್ ಮ್ಯಾರಿಸ್ ಅರವತ್ತನೆಯದನ್ನು ಹೊಡೆದದ್ದು.

ಯಂತ್ರ: ಈಗ ನಡೆಯುತ್ತಿರುವುದು

1952ರ ಟಾಪ್ಸ್‌ನಲ್ಲಿ 48ನೇ ಜೋ ಪೇಜ್ ಮತ್ತು 49ನೇ ಜಾನಿ ಸೇನ್ ಅವರ ಕಾರ್ಡುಗಳ ಹಿಂಭಾಗದ ಬರಹ ಅದಲುಬದಲಾದ ಪ್ರತಿಗಳಿವೆ, ನನಗೆ ಅವು ದುಬಾರಿ. 1962ರ ಟಾಪ್ಸ್‌ನ ಎರಡನೇ ಸರಣಿ, 110ರಿಂದ 196ರವರೆಗೆ, ಹಸಿರು ಛಾಯೆ ತಳೆದ ಪ್ರತಿಗಳು ಸುಲಭ. ಸರಿಬಣ್ಣದ ಜೊತೆ ಅವನ್ನು ಜೋಡಿ ಮಾಡಿಟ್ಟಿದ್ದೇನೆ.

ನನ್ನ ಮನಸ್ಸು ಪೂರ್ತಿ ಇರುವುದು 1990ರ ಟಾಪ್ಸ್ ಮೇಲೆ. ಸಂಖ್ಯೆ 414, ಫ್ರಾಂಕ್ ಥಾಮಸ್. ಶಿಕಾಗೊ ವೈಟ್ ಸಾಕ್ಸ್ 1989ರಲ್ಲಿ ಆರಿಸಿಕೊಂಡ, ಆಬರ್ನ್ ವಿಶ್ವವಿದ್ಯಾಲಯದ ಹುಡುಗ, ಮುಂದೆ 2014ರಲ್ಲಿ ಹಾಲ್ ಆಫ್ ಫೇಮ್ ಸೇರಿದವರು. ಕೆಲವು ಪ್ರತಿಗಳಲ್ಲಿ ಮುಂಭಾಗದ ಹೆಸರೇ ಇಲ್ಲ. ಇವು ಸಾವಿರಾರು ಡಾಲರಿಗೆ ಹೋಗುತ್ತವೆ, ನಕಲಿಗಳೂ ಹುಟ್ಟಿವೆ. ಪರೀಕ್ಷೆ ಮುದ್ರಣದ ತರ್ಕದಲ್ಲೇ ಇದೆ. ಹೆಸರು ಬರುವುದು ಕಪ್ಪು ಶಾಯಿಯಲ್ಲಿ. ಆ ಜಾಗಕ್ಕೆ ಕಪ್ಪು ತಲುಪದಿದ್ದರೆ ಹೆಸರಿನ ಜೊತೆ ಅಲ್ಲಿನ ಕಪ್ಪು ಗೆರೆಯ ತುಂಡೂ ಹೋಗಿರುತ್ತದೆ, ಮಿಕ್ಕ ಮೂರು ಬಣ್ಣದ ಚುಕ್ಕಿಗಳು ಮಾತ್ರ ಅಲುಗದೆ ಇರುತ್ತವೆ. ಯಾರಾದರೂ ಉಜ್ಜಿ ಅಳಿಸಿದ್ದರೆ ಆ ಚುಕ್ಕಿಗಳೂ ಕಾಗದದ ಮೇಲ್ಮೈಯೂ ಕೆಟ್ಟಿರುತ್ತವೆ.

ಕಪ್ಪು ತಡೆದದ್ದು ಏನೇ ಇರಲಿ, ಅದು ಒಂದೇ ಕಾರ್ಡಿಗೆ ಸೀಮಿತವಾಗಿರಲಿಲ್ಲ. 792 ಕಾರ್ಡಿನ ಸೆಟ್ಟು, ಹಾಳೆಗೆ 132ರಂತೆ ಆರು ಹಾಳೆ. ಥಾಮಸ್ ಇದ್ದ ಹಾಳೆಯಲ್ಲಿ ಅಕ್ಕಪಕ್ಕದ ಕಾರ್ಡುಗಳಲ್ಲೂ ಅಂಚಿನ ಕಪ್ಪು ಗೆರೆ ಒಂದಿಷ್ಟು ಮಾಯವಾಗಿದೆ. ಹೆಸರಿಲ್ಲದ ಥಾಮಸ್ ನನಗೆ ಸಿಗುವುದಿಲ್ಲ, ಆದರೆ ನೆರೆಯವರು ಸಿಗುತ್ತಾರೆ. 1990ರ ಕಾರ್ಡು ಅಂದರೆ ಇಲ್ಲಿ ಗೋಣಿಗಟ್ಟಲೆ. ರಾತ್ರಿ ಊಟವಾದ ಮೇಲೆ ಒಂದು ಕಟ್ಟು ಬಿಚ್ಚಿ ಅಂಚು ನೋಡುತ್ತಾ ಕೂರುತ್ತೇನೆ. ಗೆರೆ ಎಲ್ಲಿ ಕಡಿದಿದೆ, ಎಲ್ಲಿ ಮತ್ತೆ ಶುರುವಾಗಿದೆ ಎಂದು ಮಿಲಿಮೀಟರಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಒಂದು ಕಾರ್ಡಿನ ಕಡಿತ ಇನ್ನೊಂದರ ಕಡಿತಕ್ಕೆ ಕೂಡಿಕೊಂಡರೆ ಅವೆರಡೂ ಹಾಳೆಯ ಮೇಲೆ ನೆರೆಯವೆಂದು ಗೊತ್ತಾಗುತ್ತದೆ.

ಮುಂದಿನ ಕೆಲಸ: ದೊಡ್ಡ ಬಿಳಿ ಹಾಳೆಯ ಮೇಲೆ ಕಾರ್ಡಿನ ಅಳತೆಯ ಚೌಕಗಳನ್ನು ಎಳೆದು, ಥಾಮಸ್‌ನ ಚೌಕ ಖಾಲಿ ಬಿಟ್ಟು, ಸಿಕ್ಕ ನೆರೆಯವರನ್ನು ಅವರವರ ಜಾಗದಲ್ಲಿ ಕೂರಿಸುವುದು. ಎಡಬದಿ ಹೆಚ್ಚುಕಡಿಮೆ ಹೊಂದಿದೆ, ಬಲಬದಿಯ ಕಾರ್ಡುಗಳನ್ನು ಇನ್ನೂ ಹುಡುಕಬೇಕು. ಕಟಿಂಗ್ ಪುಟಕ್ಕೆ ಕೈ ಹಾಕುವುದು ಅದರ ನಂತರವೇ.