ಕೊನೆಯ ಹೊಲ ಯಾರದು?

ಒಂದು ಶುಕ್ರವಾರ ಸಂಜೆ ಕಂಪ್ಯೂಟರಿನಲ್ಲಿ ನಾನು ಒಂದು ಅಂಕಿ ಬದಲಿಸಿದೆ. ಮರುದಿನ ಬೆಳಿಗ್ಗೆ ಆರು ಕಿಲೋಮೀಟರ್ ಆಚೆ ಒಬ್ಬ ರೈತನ ಆಲೂಗಡ್ಡೆ ಹೊಲದಲ್ಲಿ ನೀರು ನಿಂತಿತ್ತು.

ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಹತ್ತಿರ ಪಂಪ್‌ಹೌಸ್‌ಗಳ ನಿಯಂತ್ರಣ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿಯ ನೆಲ ಸಮುದ್ರಕ್ಕಿಂತ ತಗ್ಗು. ಹೊಲದ ನೀರು ಸಣ್ಣ ಕಾಲುವೆಗೆ, ಅಲ್ಲಿಂದ ದೊಡ್ಡದಕ್ಕೆ ಬರುತ್ತದೆ. ಕೊನೆಗೆ ಪಂಪು ಅದನ್ನು ಎತ್ತಿ ಮೇಲಿನ ನದಿಗೆ ಹಾಕಬೇಕು. ಕಾಲುವೆಯ ಮಟ್ಟ ಇಷ್ಟಾದರೆ ಪಂಪು ಶುರುವಾಗಲಿ ಎಂದು ಒಂದು ಅಂಕಿ ಇರುತ್ತದೆ. ಪರೀಕ್ಷೆಗೆಂದು ಅದನ್ನು ಹತ್ತು ಸೆಂಟಿಮೀಟರ್ ಏರಿಸಿದವನು ಹಳೆಯದಕ್ಕೆ ತರಲಿಲ್ಲ, ರಾತ್ರಿ ಪಾಳಿಯವನಿಗೆ ಹೇಳಲೂ ಇಲ್ಲ. ರಾತ್ರಿ ಮಳೆ ಸುರಿಯಿತು. ಪಂಪಿನ ಬಳಿ ನೀರು ಆ ಮಟ್ಟ ಮುಟ್ಟುವ ಹೊತ್ತಿಗೆ, ಹುಲ್ಲು ಕಟ್ಟಿದ ದೂರದ ತುದಿಯಲ್ಲಿ ಕಾಲುವೆ ತುಂಬಿ ಹೊಲಕ್ಕೆ ನುಗ್ಗಿತ್ತು.

ಸೋಮವಾರ ಬೈಗುಳಕ್ಕೆ ಸಿದ್ಧನಾಗಿ ಹೋದೆ. ಹಿರಿಯ ಸಹೋದ್ಯೋಗಿ ನಕಾಶೆ ಹರಡಿ ಕೇಳಿದ್ದು ಒಂದೇ ಮಾತು: "ಈ ಕಾಲುವೆಯ ಕೊನೆಯ ಹೊಲ ಯಾರದು, ನೋಡಿದ್ದೆಯಾ?"

ಗಂಟಲು ಕಟ್ಟಿತು. ಯಾಕೆಂದರೆ ನಾನೇ ಕೊನೆಯ ಹೊಲದವನು.

ನಮ್ಮದು ಮಾನ್ವಿ ತಾಲೂಕು. ಮುನಿರಾಬಾದ್‌ನಲ್ಲಿ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ಅದು ಸೊರಗಿರುತ್ತದೆ. ಬಹುಪಾಲು ಕಡಿಮೆ ನೀರಿನ ಬೆಳೆಗಳಿಗೆಂದು ಲೆಕ್ಕ ಹಾಕಿದ ಕಾಲುವೆ, ಮೇಲಿನವರು ಭತ್ತ ಹಚ್ಚಿದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ, ನೀರು ಕಣ್ಣೆದುರು ಹರಿಯುವಾಗ ಯಾರು ತಾನೇ ಜೋಳ ಬಿತ್ತುತ್ತಾರೆ? ಆದರೆ ನನ್ನ ಬಾಲ್ಯವೆಂದರೆ ರಾತ್ರಿ ಬ್ಯಾಟರಿ ಹಿಡಿದು ತೂಬು ಕಾಯಲು ಹೋಗುವ ಅಪ್ಪ. "ಮೈಲ್ 69ಕ್ಕ ಗೇಜ್ ಎಷ್ಟೈತಿ?" ಎನ್ನುವುದು ನಮ್ಮ ಮನೆಯಲ್ಲಿ "ಊಟ ಆತೇನು?" ಎನ್ನುವಷ್ಟೇ ದಿನನಿತ್ಯದ ಪ್ರಶ್ನೆ. ಕಾಲುವೆಯ 69ನೇ ಮೈಲಿನಲ್ಲಿ ನೀರಿನ ಮಟ್ಟ ಅರ್ಧ ಅಡಿ ಇಳಿದರೆ ನಮ್ಮಲ್ಲಿ ನಾಟಿ ಒಣಗುತ್ತಿತ್ತು. ಯಾರೋ ಎಲ್ಲೋ ತಿರುವಿದ ಗೇಟು, ಯಾರೂ ನಮಗೆ ಹೇಳುತ್ತಿರಲಿಲ್ಲ. ಸಿಟ್ಟು ಬಂದಾಗ ಕೈಗೆ ಸಿಗುತ್ತಿದ್ದವನು ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್. ಮೇಲಿನವರಿಂದಲೂ ಕೆಳಗಿನವರಿಂದಲೂ ಬೈಸಿಕೊಳ್ಳುತ್ತಿದ್ದ ಬಡಪಾಯಿ.

ಅಂಥ ಮನೆಯ ಮಗ ಶುಕ್ರವಾರ ಸಂಜೆ ಆ 'ಯಾರೋ' ಆಗಿದ್ದೆ.

ಆ ರೈತನ ಮನೆಗೆ ನಾನೇ ಹೋದೆ. ತಪ್ಪು ನನ್ನದು ಎಂದೆ. ಆತ ಸಿಟ್ಟಿನಲ್ಲೇ ಇದ್ದ, ಆದರೂ ಕೂರಿಸಿ ಕಾಫಿ ಕೊಟ್ಟ. ಅಂದಿನಿಂದ ಏನೇ ಬದಲಾವಣೆ ಮಾಡಿದರೂ ಟಿಪ್ಪಣಿಯ ಮೊದಲ ಸಾಲಿನಲ್ಲಿ ಬರೆಯುತ್ತೇನೆ: ಇದು ಕೊನೆಗೆ ಯಾರನ್ನು ಮುಟ್ಟುತ್ತದೆ, ಅವರಿಗೆ ಹೇಳಿದವರು ಯಾರು.

ಈ ದೇಶದವರಿಗೆ ಶಿಸ್ತು ರಕ್ತದಲ್ಲೇ ಇದೆ ಎಂದು ಊರಲ್ಲಿ ಹೇಳುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. 1953ರ ಜನವರಿ 31 ಕಳೆದು ಫೆಬ್ರುವರಿ 1 ಬೆಳಗಾಗುವ ರಾತ್ರಿ ಸಮುದ್ರ ಒಡ್ಡುಗಳನ್ನು ಒಡೆದು ಒಳನುಗ್ಗಿ ಇಲ್ಲಿ 1,836 ಮಂದಿ ಸತ್ತರು. ನಮ್ಮ ಡ್ಯಾಮ್ ಕಟ್ಟಿ ಮುಗಿದದ್ದೂ ಅದೇ ವರ್ಷ. ನೀರು ಬಂತೆಂದು ನಮ್ಮವರು ಹಿಗ್ಗಿದ ವರ್ಷ ಇವರು ಹೆಣ ಎಣಿಸುತ್ತಿದ್ದರು. ಇವರ ಎಚ್ಚರ ಆ ರಾತ್ರಿ ಕಲಿಸಿದ್ದು.

2024ರ ಆಗಸ್ಟ್ 10, ಶನಿವಾರ. ಇಲ್ಲಿ ಇನ್ನೂ ಬೆಳಕಿತ್ತು, ಊರಲ್ಲಿ ನಡುರಾತ್ರಿಯಾಗುತ್ತಿತ್ತು. ತಮ್ಮನ ಫೋನು: "ಡ್ಯಾಮಿಂದು 19ನೇ ಗೇಟು ಕೊಚ್ಚಿಕೊಂಡು ಹೋತಂತ." ಚೈನ್ ಲಿಂಕ್ ತುಂಡಾಗಿತ್ತು. ಡ್ಯಾಮ್ ತುಂಬಿತ್ತು, ನಮ್ಮ ಹೊಲದಲ್ಲಿ ನಾಟಿ ನಡೆದಿತ್ತು. ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸುವ ವಿಡಿಯೊವನ್ನು ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದೆ. ಅವರು ಕುರ್ಚಿ ಎಳೆದುಕೊಂಡು ಕೂತು ನೋಡಿದರು. ಮೊದಲ ತುಂಡು ಕೂತಾಗ ನನಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ನನ್ನ ನಾಡಿನ ಕೆಲಸಗಾರರ ಬಗ್ಗೆ ಅಷ್ಟು ಹೆಮ್ಮೆ ನನಗೆ ಹಿಂದೆಂದೂ ಆಗಿರಲಿಲ್ಲ.

ಮುಂದಿನ ತಿಂಗಳು, ಸಮುದ್ರ ಉಕ್ಕಿದಾಗ ಒಳಬರದಂತೆ ಮುಚ್ಚುವ ಇಲ್ಲಿಯ ಮಾಸ್‌ಲಾಂಟ್ ತಡೆಗೇಟು ನೋಡಲು ಹೋದೆ. ತಲಾ 210 ಮೀಟರ್ ಉದ್ದದ ಎರಡು ಬಾಗಿಲು, 1997ರಲ್ಲಿ ಕಟ್ಟಿದ್ದು. ನಿಜವಾದ ಬಿರುಗಾಳಿಗೆ ಅದನ್ನು ಮೊದಲು ಮುಚ್ಚಿದ್ದು ಹತ್ತು ವರ್ಷದ ನಂತರ, 2007ರಲ್ಲಿ. ಆದರೂ ಪ್ರತಿ ವರ್ಷ ಬಿರುಗಾಳಿಯ ಕಾಲಕ್ಕೆ ಮುಂಚೆ, ಅಗತ್ಯವಿಲ್ಲದ ಒಂದು ದಿನ, ಮುಚ್ಚಿ ನೋಡುತ್ತಾರೆ. ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಥೇಟ್ ನಮ್ಮ ಜಾತ್ರೆ. ಬಾಗಿಲು ಅಂಗುಲಂಗುಲ ಸರಿಯುವಾಗ ನನಗೆ ಕಂಡದ್ದು ಆ ಚೈನಿನ ತುಂಡು ಲಿಂಕು.

ಕಳೆದ ವರ್ಷ ಅಪ್ಪ ಒಂದು ತಿಂಗಳು ಬಂದಿದ್ದರು. ಗಾಳಿಯಂತ್ರ, ಹೂವಿನ ತೋಟ ಯಾವುದೂ ಅವರಿಗೆ ಬೇಡ. "ಆ ಆಲೂಗಡ್ಡೆ ಹೊಲದಾವನ್ನ ಮಾತಾಡಸೋಣ ನಡಿ" ಎಂದರು. ಹೋದೆವು. ಅಪ್ಪ ಕಾಲುವೆ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ಗೇಜ್ ಪಟ್ಟಿ ಓದಿದರು.

"ಇಷ್ಟ ಇರಬೇಕು ಅಂತ ಹೇಳಾವ ಯಾರು?"

ನಾನು ದುಭಾಷಿ. ವಾಟರ್‌ಸ್ಖಾಪ್ ಎಂಬ ನೀರಿನ ಮಂಡಳಿ ನಿರ್ಧರಿಸುತ್ತದೆ, ಅಂಥವು ದೇಶದಲ್ಲಿ 21 ಇವೆ, ನಾಲ್ಕು ವರ್ಷಕ್ಕೊಮ್ಮೆ ಅದಕ್ಕೂ ಓಟು ಹಾಕುತ್ತೇವೆ ಎಂದ ಆತ. ಮಟ್ಟ ಬದಲಿಸುವ ಮೊದಲು ಪ್ರಕಟಿಸಬೇಕು, ಯಾರು ಬೇಕಾದರೂ ತಕರಾರು ಹಾಕಬಹುದು.

"ತಕರಾರು ಹಾಕಿದ್ರ ಹೊಡೆದಾಟ ಆಗಂಗಿಲ್ಲೇನು?"

ಆತ ನಕ್ಕು, ಮೀಟಿಂಗ್ ಬಹಳ ಉದ್ದವಾಗುತ್ತದೆ ಎಂದ. ಅಪ್ಪ ನೀರಿಗೆ ಕೈ ಇಳಿಸಿ ಯಾವ ಕಡೆ ಹರಿಯುತ್ತದೆ ಎಂದು ಬಹಳ ಹೊತ್ತು ನೋಡಿದರು. ಆಮೇಲೆ ಇಬ್ಬರೂ ಭಾಷೆಯ ಹಂಗಿಲ್ಲದೆ ಮಣ್ಣು ಹಿಸುಕಿ ತೋರಿಸಿಕೊಂಡರು. ನನ್ನ ಅನುವಾದ ಬೇಕಾಗಲಿಲ್ಲ.

ಈಗಲೂ ಇಲ್ಲಿ ಜೋರು ಮಳೆ ಎಂದು ಹೇಳಿದರೆ ಸಾಕು, ಅಪ್ಪ ಫೋನಿನಲ್ಲಿ ಮೊದಲು ಕೇಳುವುದು ಇದನ್ನೇ: "ಆ ಅಣ್ಣನ ಹೊಲದಾಗ ನೀರು ನಿಂತಿಲ್ಲಲ್ಲ?"