ಹಳಿ ಯಾರದ್ದು, ಗಾಡಿ ಯಾರದ್ದು?

ಜಪಾನಿನಲ್ಲಿ ರೈಲ್ವೆ ಕಂಪನಿಗಳು 100ಕ್ಕೂ ಹೆಚ್ಚು, ಅಮೆರಿಕದಲ್ಲಿ ಸಣ್ಣಪುಟ್ಟವೆಲ್ಲ ಸೇರಿ 600ರ ಮೇಲೆ, ನಮ್ಮಲ್ಲಿ ಲೆಕ್ಕಕ್ಕೆ ಒಂದೇ. ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಿಂದ ರಿಟೈರಾದ ನಮ್ಮ ಭಾವನಿಗೆ ಇದನ್ನು ಹೇಳಿದರೆ, "ನೂರು ಜನ ಯಜಮಾನ್ರಾದ್ರೆ ಗಾಡಿ ಟೈಮಿಗೆ ಹೆಂಗಯ್ಯ ಬತ್ತದೆ?" ಅಂದರು. "ಬತ್ತದೆ ಭಾವ, ನಮ್ಮದಕ್ಕಿಂತ ಚೆನ್ನಾಗೇ" ಅಂದೆ. ಕಾಫಿ ಆರಿಹೋಗುವಷ್ಟು ವಾದವಾಯಿತು.

ನನ್ನ ವಾದ ಇಷ್ಟೇ: ಕಂಪನಿ ಎಣಿಸುವ ಮೊದಲು ಹಳಿ ಯಾರದ್ದು ಅಂತ ಕೇಳಬೇಕು. ಜಪಾನ್ 1987ರ ಏಪ್ರಿಲ್ 1ರಂದು ಸರ್ಕಾರಿ ರೈಲ್ವೆಯನ್ನು ಒಡೆದು ಪ್ರಯಾಣಿಕರಿಗೆ ಆರು, ಸರಕಿಗೆ ಒಂದು ಕಂಪನಿ ಮಾಡಿತು. ಅದಕ್ಕೂ ಹಿಂದಿನಿಂದ ಬಂದ ಖಾಸಗಿಯವರು ಬೇರೆ. ಒಸಾಕಾದ ಹಾಂಕ್ಯು ಕಂಪನಿಯನ್ನೇ ನೋಡಿ. ಹಳಿ ಅವರದ್ದು, ಸ್ಟೇಷನ್ ಅವರದ್ದು, ಉಮೇದಾ ಸ್ಟೇಷನ್ನಿಗೆ ಅಂಟಿಕೊಂಡಂತೆ 1929ರಲ್ಲಿ ತೆರೆದ ಭಾರಿ ಅಂಗಡಿಯೂ ಅವರದ್ದೇ. ಕಂಪನಿ ಕಟ್ಟಿದ ಇಚಿಜೊ ಕೊಬಯಾಶಿ, ಮಾರ್ಗದ ಕೊನೆಯ ಊರಾದ ತಕರಾಜುಕಾಕ್ಕೆ ಜನ ಬರಲೆಂದು ಬರೀ ಹೆಣ್ಣುಮಕ್ಕಳ ನಾಟಕ ತಂಡ ಕಟ್ಟಿದರು. 1914ರಲ್ಲಿ ಶುರುವಾದ ಆಟ ಇಂದಿಗೂ ನಡೆದಿದೆ. ನಮ್ಮ ಗುಬ್ಬಿ ಕಂಪನಿಯವರೇ ರೈಲೂ ಓಡಿಸಿದ ಹಾಗೆ!

ಬ್ರಿಟನ್ನಿನವರು 1990ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಹಳಿ ಒಬ್ಬರಿಗೆ, ಗಾಡಿ ಓಡಿಸುವ ಗುತ್ತಿಗೆ 25 ತುಂಡು, ಬೋಗಿ ಬಾಡಿಗೆಗೆ ಕೊಡಲು ಮತ್ತೆ ಮೂವರು. 2000ದಲ್ಲಿ ಹ್ಯಾಟ್‌ಫೀಲ್ಡಿನಲ್ಲಿ ಹಳಿ ಮುರಿದು ನಾಲ್ವರು ಸತ್ತರು; ಮರುವರ್ಷವೇ ಹಳಿಯ ಕಂಪನಿ ದಿವಾಳಿಯ ಅಂಚಿಗೆ ಬಂತು. ಈಗ ಗಾಡಿ ಓಡಿಸುವ ಕೆಲಸವನ್ನೂ ಸರ್ಕಾರ ವಾಪಸ್ಸು ಪಡೆಯುತ್ತಿದೆ. 2025ರ ಮೇ ತಿಂಗಳಲ್ಲಿ ಹಾಗೆ ಬಂದದ್ದರ ಹೆಸರು ಸೌತ್ ವೆಸ್ಟರ್ನ್ ರೈಲ್ವೆ. ಹುಬ್ಬಳ್ಳಿಯಲ್ಲಿ ಕೂತಿರುವ ನಮ್ಮ ವಲಯದ ಹೆಸರೇ!

ನಮ್ಮ ಬೆಂಗಳೂರು–ಮೈಸೂರು ದಾರಿಯೂ ಕೈ ಬದಲಿಸಿದೆ. ಮದ್ದೂರು, ಮಂಡ್ಯ ದಾಟಿ 1882ಕ್ಕೆ ಮೈಸೂರು ಮುಟ್ಟಿಸಿದ್ದು ಸಂಸ್ಥಾನ. ಆಮೇಲೆ ಅದನ್ನು ನಡೆಸಿದ್ದು ಸದರ್ನ್ ಮರಾಠಾ ಕಂಪನಿ. 1919ರಲ್ಲಿ ಮತ್ತೆ ಸಂಸ್ಥಾನ, 1951ರಲ್ಲಿ ದಕ್ಷಿಣ ರೈಲ್ವೆ, 2003ರಿಂದ ಹುಬ್ಬಳ್ಳಿ.

ಇನ್ನು "ಒಂದೇ" ಅನ್ನುವುದೂ ಪೂರ್ತಿ ನಿಜವಲ್ಲ. ಮಂಗಳೂರಿನಾಚೆ ತೋಕೂರು ದಾಟಿ ಉಡುಪಿ ಕಡೆ ಹೊರಟರೆ ಹಳಿ ಕೊಂಕಣ ರೈಲ್ವೆ ಕಂಪನಿಯದ್ದು, ಅದರಲ್ಲಿ ಕರ್ನಾಟಕ ಸರ್ಕಾರದ ಷೇರೂ ಇದೆ. ಟಿಕೆಟ್ ಮಾತ್ರ ಮೈಸೂರಿನ ಕೌಂಟರಿನಲ್ಲೇ ಸಿಗುತ್ತದೆ.